ನನಗಿಂತ ಮೊದಲು ನಾನಾಗಿ ಬಂದವಳು

"ಯಾರ ಪೈಕಿ?" ಎಂದು ಕೇಳಿದವರಿಗೆ ಉತ್ತರ ಕೊಡಬಾರದೆಂದು ನಾನು ಕಾಲೇಜು ಸೇರಿದ ವರ್ಷವೇ ತೀರ್ಮಾನ ಮಾಡಿದ್ದೆ. ನಮ್ಮ ಹುನಗುಂದದಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದು ಇದನ್ನೇ. ಹೆಸರು ಆಮೇಲೆ. ಎಷ್ಟೋ ಜನ ಹೆಸರು ಕೇಳುವ ಗೋಜಿಗೇ ಹೋಗುವುದಿಲ್ಲ. ಯಾವ ಮನೆ, ಯಾರ ಮೊಮ್ಮಗಳು, ಅಜ್ಜಿಯ ತವರು ಯಾವುದು, ಇಷ್ಟು ತಿಳಿದರೆ ಅವರಿಗೆ ಹೊಟ್ಟೆ ತುಂಬುತ್ತದೆ.

"ಮನುಷ್ಯರ ಪೈಕಿ," ಎನ್ನುತ್ತಿದ್ದೆ ನಾನು.

"ಅದು ನೋಡಿದ್ರ ಗೊತ್ತಾಗ್ತದ ಬಿಡವಾ. ಯಾವ ಮನಿ ಮನುಷ್ಯರು?"

ಇದು ಜಾತಿ ಕೆದಕುವ ಉಪಾಯ ಎಂದು ನಾನು ವಾದಿಸುತ್ತಿದ್ದೆ. ವಾದ ಸರಿಯಾಗಿತ್ತು. ಈಗಲೂ ಸರಿಯಾಗಿಯೇ ಇದೆ. ಆದರೆ ನನ್ನನ್ನು ಬೋಳಿಸಿದವಳು ಆ ಪ್ರಶ್ನೆಯನ್ನು ಕೇಳಲೇ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಾಗಲಕೋಟೆಯಲ್ಲಿ ಬಿ.ಎ. ಓದುತ್ತಿದ್ದೆ, ಓದುವುದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಪ್ರಾಧ್ಯಾಪಕರು ಒಂದೇ ಪಾಠ ಹೇಳಿದ್ದರು: ಎದುರಾಳಿ ತಪ್ಪು ಹೇಳಿದರೆ ಬಿಡಬೇಡಿ, ಅಲ್ಲೇ ಹಿಡಿಯಿರಿ. ಉಳಿದವರು ಆ ಪಾಠವನ್ನು ವೇದಿಕೆಯ ಮೇಲೆಯೇ ಬಿಟ್ಟು ಇಳಿಯುತ್ತಿದ್ದರು. ನಾನು ಮನೆಗೂ ತರುತ್ತಿದ್ದೆ. "ಊಟಕ್ಕ ಉಪ್ಪು ಕಡಿಮಿ ಆಗೇದ" ಎಂದು ಅಪ್ಪ ಹೇಳಿದರೆ, ಕಡಿಮೆಯಾಗಿರುವುದು ಇಡೀ ಊಟಕ್ಕಲ್ಲ, ಸಾರಿಗೆ ಮಾತ್ರ ಎಂದು ಸಾಬೀತು ಮಾಡಿದ ಮೇಲೆಯೇ ಉಪ್ಪಿನ ಡಬ್ಬಿ ಮುಂದೆ ತಳ್ಳುತ್ತಿದ್ದೆ.

ಆ ಸಲ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಮುಚ್ಚಳ ಸರಿಯಾಗಿ ಕೂರದ ಒಂದು ಸ್ಟೀಲ್ ಡಬ್ಬಿ. ಮೊದಲನೇ ಬಹುಮಾನ ಪಡೆದವನು ನನಗಿಂತ ಜೋರಾಗಿ ಕೂಗಿದ್ದ, ಅಷ್ಟೇ. ಸಿಟ್ಟಿನಲ್ಲೇ ಇಳಕಲ್ ಬಸ್ಸು ಹತ್ತಿದೆ. ಪಕ್ಕದಲ್ಲಿ ನನ್ನದೇ ವಯಸ್ಸಿನ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಸಣ್ಣ ದನಿ, ಮುಖದಲ್ಲಿ ಭಕ್ತಿ.

"ನೀವು ಬಾಗಲಕೋಟಿಯವರ ಇರಬೇಕು. ಮಾತಿನ ಮ್ಯಾಲೆ ಗೊತ್ತಾಗ್ತದ," ಎಂದಳು.

"ತಪ್ಪು. ಹುನಗುಂದ."

"ಹುನಗುಂದದಾಗ ಇಷ್ಟು ಓದಿದ ಹೆಣ್ಣುಮಕ್ಕಳ ಇಲ್ಲಂತಲ್ರಿ?"

ಇದಕ್ಕೆ ಸುಮ್ಮನಿರುವುದು ಹೇಗೆ? ನಮ್ಮಪ್ಪ ಸಾಲಿ ಮಾಸ್ತರರು, ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಬಾದಾಮಿಗೆ ಮದುವೆಯಾಗಿ ಹೋಗಿದ್ದಾಳೆ, ನಾನು ಬಿ.ಎ. ಎಂದು ಪುರಾವೆ ಸಮೇತ ಮಂಡಿಸಿದೆ. ಕಮತಗಿ ದಾಟಿದ ಮೇಲೆ ಅವಳು ಇನ್ನೊಂದು ತಪ್ಪು ಹೇಳಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ತಂದು ನನಗೂ ಒಂದು ತುಂಡು ಕೊಟ್ಟು, "ಈ ಊರಾಗ ಕರದಂಟು ಬಿಟ್ರ ಏನೂ ಇಲ್ಲ ಬಿಡ್ರಿ," ಎಂದಳು.

"ಯಾಕಿಲ್ಲ? ನಮ್ಮ ಆಯಿಯ ತವರುಮನಿ ಇದ ಊರು!"

ಆಯಿ ಎಂದರೆ ನಮ್ಮಪ್ಪನ ತಾಯಿ, ನಮ್ಮ ಮನೆಯ ಹೈಕೋರ್ಟು.

"ಇರವಲ್ದ್ಯಾಕ. ಆದರ ಕಾಲ ಕೆಟ್ಟದ್ರಿ. ಈಗ ಇಳಕಲ್ಲಿನಾಗ ಯಾವ ಸೀರಿ ಅಂಗಡಿಯವ್ರೂ ಉದ್ರಿ ಕೊಡೂದಿಲ್ಲ, ಯಾರಿಗೂ," ಎಂದು ನಿಟ್ಟುಸಿರು ಬಿಟ್ಟಳು.

ಕಾಲದ ಬಗ್ಗೆ ಅಷ್ಟು ಸಡಿಲವಾದ ಮಾತನ್ನು ನಾನು ಸಹಿಸಲಾರೆ. ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೋಗುವಾಗ ಎಡಕ್ಕೆ, ನೀಲಿ ಬಾಗಿಲಿನ ಅಂಗಡಿಯಲ್ಲಿ, ಆಯಿಯ ಬರೀ ಮಾತಿನ ಮೇಲೆ ನಮ್ಮ ಮನೆಗೆ ಸೀರೆ ಕೊಡುತ್ತಾರೆ ಎಂದೆ. ಸುಳ್ಳು ಎಂದಳು. ಖರೆ ಎಂದೆ. ಆಯಿಯೇ ಖುದ್ದಾಗಿ ಹೋಗಬೇಕೇನೋ ಎಂದಳು. ಇಲ್ಲ, ಆಯಿಗೆ ಮೊಣಕಾಲು ಹಿಡಿದಿವೆ, ಮನೆಯವರು ಯಾರು ಹೋಗಿ ಹೇಳಿದರೂ ಸಾಕು, ಮುಂದಿನ ವಾರ ಬಸುರಿ ಅಕ್ಕನ ಕುಬಸಕ್ಕೆ ಹಸಿರು ಸೀರೆ ತರಲು ನಾನೇ ಹೋಗುವವಳಿದ್ದೇನೆ ಎಂದೆ.

ಹುಡುಗಿ ಎರಡೂ ಕೈ ಜೋಡಿಸಿದಳು. "ನಿಮ್ಮ ಮುಂದ ನಂದೇನ್ ನಡೀತದವಾ? ಸೋತೆ."

ಹುನಗುಂದದಲ್ಲಿ ಇಳಿಯುವಾಗ ನನ್ನ ಮೈ ಹಗುರವಾಗಿತ್ತು. ಬಾಗಲಕೋಟೆಯಲ್ಲಿ ತಪ್ಪಿದ ಮೊದಲನೇ ಬಹುಮಾನ ಬಸ್ಸಿನಲ್ಲಿ ಸಿಕ್ಕಿತ್ತು. ಅವಳು ಕಿಟಕಿಯಿಂದ ಕೈ ಬೀಸುತ್ತ ಇಳಕಲ್ಲಿಗೆ ಹೋದಳು.

ಆಯಿಯ ಉದ್ರಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆ ಅಂಗಡಿಯಲ್ಲಿ ಅವಳ ಮಾತಿಗೆ ಬೆಲೆ ಬಂದದ್ದು ಪುಕ್ಕಟೆಯಲ್ಲ. ಒಂದು ಸೀರೆಯ ಬಾಕಿ ತೀರುವವರೆಗೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಸಾಹುಕಾರರು ಒಳ್ಳೇ ಮನಸ್ಸಿನಿಂದ "ಒಯ್ಯಿರಿ ಆಯೀ, ಆಮ್ಯಾಲೆ ನೋಡೂಣು" ಎಂದರೂ ಬೈಯುತ್ತಿದ್ದಳಂತೆ. "ನಾನ ಬಂದು ಕೇಳಿದ್ರೂ ಕೊಡಬ್ಯಾಡ. ಆಸೆ ಅನ್ನೂದು ನನಗೂ ಐತಿ," ಎಂದು ತಾನೇ ತನಗೆ ಬೇಲಿ ಹಾಕಿಸಿಕೊಂಡಿದ್ದಳು.

ಕುಬಸ ಇನ್ನೇನು ಹತ್ತಿರ ಬಂತು. ಬಸುರಿ ಅಕ್ಕನಿಗೆ ತವರಿನ ಹಸಿರು ಸೀರೆ ಉಡಿಸಬೇಕು. ಅಕ್ಕನ ಅತ್ತೆ ಕಾಗದದಲ್ಲಿ ಮೂರು ಸಲ "ಸೀರಿ ಇಳಕಲ್ಲಿನದ ಇರಲಿ" ಎಂದು ಬರೆಸಿದ್ದರು. ಸೀರೆ ಇಲ್ಲದೆ ಬಾದಾಮಿಗೆ ಹೋದರೆ ಅಕ್ಕ ಮುಂದಿನ ಹತ್ತು ವರ್ಷ ಅದೇ ಮಾತು ಕೇಳಬೇಕಾಗುತ್ತಿತ್ತು. ನಾನು ಇಳಕಲ್ಲಿಗೆ ಹೋದೆ, ನೀಲಿ ಬಾಗಿಲು ದಾಟಿ, ಗಾದಿಯ ಮೇಲೆ ಕೂತಿದ್ದ ವಯಸ್ಸಾದ ಸಾಹುಕಾರರಿಗೆ ನಮಸ್ಕಾರ ಮಾಡಿ ವಿಷಯ ಹೇಳಿದೆ.

ಅವರು ಕನ್ನಡಕ ಸರಿಮಾಡಿಕೊಂಡರು. "ಕುಬಸದ ಸೀರಿ ಆ ಮನಿ ಹುಡುಗಿ ಹೋದ ವಾರನ ಒಯ್ದಾಳಲ್ಲವಾ."

"ಯಾವ ಹುಡುಗಿ?"

"ಮಾಸ್ತರ ಸಣ್ಣ ಮಗಳು. ಬಿ.ಎ. ಓದ್ತಾಳಲ್ಲ, ಅಕಿ."

"ಅಕಿ ನಾನ ರೀ!"

ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಅವರಲ್ಲಿ ದಪ್ಪನೆಯ ಒಬ್ಬಾಕೆ ಸೀರೆ ಬದಿಗಿಟ್ಟು, ಕಾಲು ಮಡಚಿ, ಆರಾಮವಾಗಿ ನನ್ನ ಕಡೆ ತಿರುಗಿ ಕೂತಳು.

"ನೀ ಹೆಂಗ ಅಕಿ ಆಗ್ತಿ?" ಎಂದರು ಸಾಹುಕಾರರು. "ಅಕಿ ಬಂದು ನನ್ನ ಕಾಲು ಮುಟ್ಟಿದ್ಲು. ಆಯಿ ಮೊಣಕಾಲಿನ ಸುದ್ದಿ ಹೇಳಿದ್ಲು."

"ಆಯಿಗೆ ಮೊಣಕಾಲು ಹಿಡದಾವ ಅಂತ ನನಗೂ ಗೊತ್ತು. ತವರು ಅಮೀನಗಡ. ಅಕ್ಕನ್ನ ಕೊಟ್ಟದ್ದು ಬಾದಾಮಿಗೆ."

"ಇದನ್ನೆಲ್ಲ ಅಕಿನೂ ಹೇಳಿದ್ಲು."

"ನಾನ ಅಕಿಗೆ ಹೇಳಿದ್ದು!"

"ಅಕಿ ನಿನಗ ಹೇಳಿದ್ಲೋ, ನೀ ಅಕಿಗೆ ಹೇಳಿದ್ಯೋ, ನನಗ ಹೆಂಗ ಗೊತ್ತಾಗಬೇಕು? ಮೊದಲ ಬಂದಾಕಿ ಅಕಿ. ಕೇಳಿಕೊಂಡು ಬಂದಾಕಿ ಹಿಂದ ಬಂದಾಕಿನ ಇರಬೇಕಲ್ಲ?"

ಒಂದು ಕ್ಷಣ ನನಗೆ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚಾಯಿತು. ಈ ಮನುಷ್ಯ ನಮ್ಮ ತಂಡದಲ್ಲಿದ್ದಿದ್ದರೆ ಆ ಸ್ಟೀಲ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿತ್ತು. ನಾನು ಕಾಲೇಜಿನ ಗುರುತಿನ ಚೀಟಿ ತೆಗೆದು ಕೊಟ್ಟೆ. ಸರ್ಕಾರಿ ಕಾಗದಗಳ ಮೇಲೆ ನನಗಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. ನಮ್ಮ ಗುಮಾಸ್ತರು ಕಾಲೇಜಿನ ಶಿಕ್ಕಾ ಮೊಹರನ್ನು ಸರಿಯಾಗಿ ನನ್ನ ಮುಖದ ಮೇಲೆಯೇ ಒತ್ತಿದ್ದರು. ಫೋಟೋದಲ್ಲಿ ಕಾಣುತ್ತಿದ್ದದ್ದು ಒಂದು ಕಿವಿ, ಅರ್ಧ ಜಡೆ.

ಸಾಹುಕಾರರು ಚೀಟಿಯನ್ನು ನನ್ನ ಕಿವಿಯ ಪಕ್ಕ ಹಿಡಿದು ನೋಡಿದರು. ದಪ್ಪನೆಯಾಕೆಗೂ ತೋರಿಸಿದರು.

"ಕಿವಿ ಕಿವಿಯಂಗ ಐತ್ರಿ," ಎಂದು ಆಕೆ ತೀರ್ಪು ಕೊಟ್ಟಳು.

"ಕೇಳಿಲ್ಲಿ ತಂಗಿ," ಎಂದರು ಸಾಹುಕಾರರು, ಚೀಟಿ ವಾಪಸು ಕೊಡುತ್ತ. "ನೀ ಸುಳ್ಳಿ ಅಂತ ನಾ ಅನ್ನೂದಿಲ್ಲ. ಆದರ ಆ ಮನಿ ಮ್ಯಾಲೆ ಈಗ ಒಂದು ಸೀರಿ ಬಾಕಿ ಅದ. ಅದು ತೀರೋತನಕ ಇನ್ನೊಂದು ಕೊಡಬ್ಯಾಡಂತ ಆಯಿದ ಹುಕುಂ. ನೀ ಖರೆ ಇದ್ರೂ ನಾ ಕೊಡಾಂವಲ್ಲ, ಸುಳ್ಳ ಇದ್ರಂತೂ ಇಲ್ಲ. ಆಯಿನ್ನ ಕರಕೊಂಡು ಬಾ."

ಆಯಿಯನ್ನು ಕರೆತರುವುದೆಂದರೆ ಅವಳ ಎರಡು ಮೊಣಕಾಲುಗಳನ್ನೂ ಬಸ್ಸು ಹತ್ತಿಸುವುದು. ಅಷ್ಟರಲ್ಲಿ ಕುಬಸ ಮುಗಿದಿರುತ್ತಿತ್ತು. ಹಾಗೆಂದು ವಾದಿಸಿದೆ. ಪ್ರಶ್ನೆಯ ಸ್ವರೂಪವೇ ತಪ್ಪು ಎಂದೆ. ಸಾಬೀತು ಮಾಡುವ ಹೊಣೆ ಆರೋಪ ಮಾಡಿದವರದ್ದು ಎಂದೆ. ನಾನು ಮಾತಾಡಿದಷ್ಟೂ ಹೆಂಗಸರ ಮುಖದಲ್ಲಿ ಅನುಮಾನ ಬೆಳೆಯಿತು. "ಮಾಸ್ತರ ಮಗಳು ಹಿಂಗ ಮಾತಾಡ್ತಾಳೇನ್ರಿ?" ಎಂದು ಯಾರೋ ಅಂದರು. ಕಡೆಗೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿಯತೊಡಗಿದೆ.

ಹಿಂದೆ ಸಾಹುಕಾರರು ದಪ್ಪನೆಯಾಕೆಗೆ ಹೇಳುತ್ತಿದ್ದದ್ದು ಕೇಳಿಸಿತು. "ಆ ಮಾಸ್ತರ ಮಗಳನ್ನ ಸಣ್ಣಾಕಿ ಇದ್ದಾಗ ನೋಡೀನ್ರಿ ನಾನು. ಆಯಿ ಕೂಡ ಬಂದು ಇಲ್ಲೇ ನಮ್ಮ ಧೋತರದ ಗಂಟಿನ ಮ್ಯಾಲೆ ವಾಂತಿ ಮಾಡ್ಕೊಂಡಿದ್ಲು, ಪಾಪ."

ನಾನು ಮೆಟ್ಟಿಲ ಮೇಲೆ ನಿಂತೆ. ನಿಲ್ಲಬಾರದೆಂದು ಕಾಲಿಗೆ ಹೇಳಿದೆ. ಅದು ಕೇಳಲಿಲ್ಲ.

"ಧೋತರ ಅಲ್ರಿ, ಸೀರಿ!" ಎಂದೆ ತಿರುಗಿ. "ವಾಂತಿನೂ ಅಲ್ಲ!"

"ಮತ್ತೇನು?"

ಅಂಗಡಿ ತುಂಬ ಜನ. ಹೊರಗೆ ಪಾನಪಟ್ಟಿ ಅಂಗಡಿಯ ಮುಂದೆ ನಿಂತಿದ್ದವರೂ ಇತ್ತ ನೋಡುತ್ತಿದ್ದರು. ನಾನು ಸಣ್ಣಗೆ ಹೇಳಿದೆ.

"ಕೇಳಿಸಲಿಲ್ಲವಾ. ಕಿವಿ ಸ್ವಲ್ಪ ಮಂದ."

"ಉಚ್ಚಿ!" ಎಂದು ಕೂಗಿದೆ. ಯಾವ ವೇದಿಕೆಯಲ್ಲೂ ನನ್ನ ದನಿ ಅಷ್ಟು ಸ್ಪಷ್ಟವಾಗಿ ಹೊರಟಿರಲಿಲ್ಲ. "ಸೀರಿ ರಾಶಿ ಮ್ಯಾಲೆ ನಿದ್ದಿ ಹತ್ತಿ ಉಚ್ಚಿ ಹೊಯ್ದಿದ್ದೆ. ಮ್ಯಾಲಿನ ಸೀರಿ ಆಯಿ ತಾನ ಕೊಂಡ್ಲು. ಇನ್ನೂ ಉಡ್ತಾಳ!"

ದಪ್ಪನೆಯಾಕೆ ತಾನು ಕೂತಿದ್ದ ಗಾದಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಸಾಹುಕಾರರ ಮುಖ ಬೇರೆಯೇ ಆಯಿತು. "ಅಯ್ಯಯ್ಯ," ಎಂದು ತೊಡೆ ತಟ್ಟಿಕೊಂಡರು. "ವಾಂತಿ ಅಲ್ಲಂತ ನನಗೂ ಗೊತ್ತದವಾ. ಬೆಳದ ಹುಡುಗಿ, ನಾಲ್ಕು ಮಂದ್ಯಾಗ ಅದನ್ನ ಹೆಂಗ ಅನ್ನೂದು ಅಂತ ಮರ್ಯಾದಿಗೆ ವಾಂತಿ ಅಂದಿದ್ದೆ. ಹೋದ ವಾರ ಅಕಿಗೂ ಹಂಗ ಅಂದೆ. 'ಹೌದ್ರಿ ಸಾವ್ಕಾರ್ರ, ಮಾಫ್ ಮಾಡ್ರಿ' ಅಂತ ನಕ್ಳು. ಮಾಡಲಾರದ ವಾಂತಿ ಒಪ್ಕೊಂಡ್ಳಲ್ರಿ ಅಕಿ!"

"ಒಪ್ಪಿಕೊಂಡಾಕಿ ನಾನು ಹೆಂಗಾಗ್ತೇನ್ರಿ?" ಎಂದೆ. ಆ ದಿನ ನನ್ನ ವಾದಗಳಲ್ಲಿ ಅವರಿಗೆ ಹಿಡಿಸಿದ್ದು ಇದೊಂದೇ.

ಸೀರೆ ಸಿಕ್ಕಿತು. ಗಾಢ ಹಸಿರು ಮೈ, ಇಳಕಲ್ಲಿನ ಗುರುತಾದ ಕೆಂಪು ಟೋಪಿ ತೆನೆಯ ಸೆರಗು. ಆಯಿಯ ಹುಕುಂ ಮುರಿದದ್ದಕ್ಕೆ ತಾವೇ ಬಂದು ಜವಾಬು ಕೊಡುತ್ತೇನೆಂದು ಸಾಹುಕಾರರು ಹೇಳಿ ಕಳಿಸಿದರು. ಮಾತಿನಂತೆ ಹುನಗುಂದಕ್ಕೆ ಬಂದರು, ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. ಆ ಹುಡುಗಿ ಒಯ್ದ ಸೀರೆಯ ಹಣ ಯಾರು ಕೊಡಬೇಕು ಎಂಬ ಪ್ರಶ್ನೆ ಬಂತು. ನಮ್ಮ ಹೆಸರಿನಲ್ಲಿ ಹೋಗಿದೆ, ನಾವೇ ಕೊಡೋಣ ಎಂದರು ಅಪ್ಪ. ನಾವು ಪಡೆಯದ ವಸ್ತುವಿಗೆ ನಾವು ಹೊಣೆಯಲ್ಲ ಎಂದು ನಾನು ಎದ್ದು ನಿಂತೆ.

"ನೀ ಕುಂದ್ರು," ಎಂದಳು ಆಯಿ. "ನೀ ಮಾತಾಡಿದ್ದಕ್ಕ ಅರ್ಧಾ ಹೋಗೇದ. ಇನ್ನಷ್ಟು ಮಾತಾಡಿದ್ರ ಪೂರಾ ಹೋಗ್ತದ." ಆಮೇಲೆ ಸಾಹುಕಾರರ ಕಡೆ ತಿರುಗಿದಳು. "ಬಾಯಿ ಬಿಟ್ಟಾಕಿ ನಮ್ಮಾಕಿ. ಕಣ್ಣು ಮುಚ್ಚಿ ಕೊಟ್ಟಾಂವ ನೀ. ಅರ್ಧಾ ಅರ್ಧಾ. ಒಪ್ಗಿ ಏನು?"

"ಒಪ್ಗಿ ರೀ ಆಯಿ."

"ಇನ್ನ ಮುಂದ ಮನಿಯವರು ಯಾರ ಬಂದ್ರೂ, ಮಾಸ್ತರ ಜೋಡಿ ಇದ್ರ ಅಷ್ಟ ಉದ್ರಿ. ಒಬ್ಬಾಕಿನ ಬಂದ್ರ, ರೊಕ್ಕಾ ಇಟ್ಟು ಒಯ್ಯಲಿ."

"ಬೇರೆ ಯಾರರ ನಿಮ್ಮ ಹೆಸರು ಹೇಳ್ಕೊಂಡು ಬಂದ್ರ, ನಾ ವಾಂತಿ ಸುದ್ದಿ ಕೇಳ್ತೇನಿ," ಎಂದರು ಸಾಹುಕಾರರು. "ನಮ್ಮ ಗುಟ್ಟು ಅದು. ಯಾರಿಗೂ ಹೇಳಬಾರದು."

ಗುಟ್ಟು! ಆ ದಪ್ಪನೆಯಾಕೆ ನನ್ನ ಬಸ್ಸು ಹುನಗುಂದ ಮುಟ್ಟುವ ಮೊದಲೇ ಅದನ್ನು ಇಳಕಲ್ಲಿನ ಅರ್ಧ ಪೇಟೆಗೆ ಹಂಚಿದ್ದಳು. ಅದಾದ ಮೇಲೆ ನಾನು ಇಳಕಲ್ಲಿನಲ್ಲಿ ಯಾವ ಅಂಗಡಿಗೆ ಹೋದರೂ ಯಾರ ಪೈಕಿ ಎಂದು ಯಾರೂ ಕೇಳಿಲ್ಲ. ಸುಮ್ಮನೆ ಗಾದಿಯನ್ನು ಸ್ವಲ್ಪ ಹಿಂದೆ ಎಳೆದುಕೊಳ್ಳುತ್ತಾರೆ. ನನ್ನ ಹೆಸರು ಹೇಳಿಕೊಂಡು ಬರಲು ಯಾರಿಗೂ ಈಗ ಧೈರ್ಯವಿಲ್ಲ. ಬಂದರೂ ಅದರಿಂದ ಅವರಿಗೆ ಲಾಭವಿಲ್ಲ.

ನಾವು ಸೀರೆ ತೆಗೆದುಕೊಂಡು ಬಾದಾಮಿಗೆ ಹೋದೆವು. ಅಕ್ಕನನ್ನು ಮಣೆಯ ಮೇಲೆ ಕೂರಿಸಿದ್ದರು. ಮಡಿಲ ತುಂಬ ಅಕ್ಕಿ, ಕೊಬ್ಬರಿ, ಕೈತುಂಬ ಹಸಿರು ಬಳೆ. ಅಕ್ಕನ ಅತ್ತೆ ಸೀರೆ ಬಿಚ್ಚಿದರು. ಸೆರಗು ನೋಡಿದರು, ದಡಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಅವ್ವ ಶೇಂಗಾ ಉಂಡಿಯ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಕಡೆಗೆ ಅತ್ತೆ ಸೀರೆಯ ಒಂದು ಮಡಿಕೆಯನ್ನು ಮೆಲ್ಲಗೆ ಎತ್ತಿ ಮೂಗಿನ ಹತ್ತಿರ ತಂದರು.

ಸುದ್ದಿ ಬಾದಾಮಿಯನ್ನೂ ಮುಟ್ಟಿತ್ತು.

"ಹೊಸಾದೈತ್ರಿ ಅತ್ತಿಯವರ," ಎಂದೆ ನಾನು.

"ಗೊತ್ತೈತಿ ಬಿಡವಾ. ಖಾತ್ರಿ ಮಾಡ್ಕೊಂಡ್ರ ಚಲೋ ಅಲ್ಲ?"

ಅಷ್ಟು ಹಳೆಯ ಘಟನೆಯ ವಾಸನೆ ಬೇರೊಂದು ಸೀರೆಗೆ ಬರಲು ಸಾಧ್ಯವೇ ಎಂಬುದರ ಮೇಲೆ ನನ್ನ ಬಳಿ ಗಟ್ಟಿಯಾದ ಒಂದು ವಾದ ತಯಾರಾಗಿತ್ತು. ಬಾಯಿ ತೆರೆದೆ. ಅವ್ವ ನನ್ನ ಬಾಯಿಗೆ ಒಂದು ಇಡೀ ಉಂಡಿ ತುರುಕಿದಳು. ಅತ್ತೆ ಮತ್ತೊಮ್ಮೆ ಮೂಸಿ, ತಲೆಯಾಡಿಸಿ, ಸೀರೆಯನ್ನು ಅಕ್ಕನ ಹೆಗಲಿಗೆ ಹೊದಿಸಿದರು. ಅಕ್ಕ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. ಆರತಿ ಹಿಡಿದು ನಿಂತಿದ್ದ ಮುತ್ತೈದೆಯರು, "ಏ, ಸಾವಕಾಶ ನಗು! ಇಲ್ಲೇ ಹಡದೀ!" ಎಂದು ಗದರಿಸುತ್ತ ತಾವೂ ನಗತೊಡಗಿದರು.