ಕಮಲಮ್ಮನ ಗಿಣಿಹಸಿರು ಸೀರೆ

ಶಕುನ, ರಾಹುಕಾಲ, ಪ್ರಸ್ಥಾನ ಇವೆಲ್ಲ ಕೆಲಸವಿಲ್ಲದವರು ಹುಟ್ಟಿಸಿದ ಮಾತು ಎಂದು ಗಂಟಲು ಹರಿಯುವ ಹಾಗೆ ವಾದಿಸುತ್ತಿದ್ದವನು ನಾನು. ಈಗಲೂ ರಾಹುಕಾಲ ನೋಡಿ ಹೊಸ್ತಿಲು ದಾಟುವವನಲ್ಲ. ಆದರೆ ಪ್ರಸ್ಥಾನದ ಮಾತಿಗೆ ಯಾರಾದರೂ ನಕ್ಕರೆ ಮಾತ್ರ ಸುಮ್ಮನಾಗಿಬಿಡುತ್ತೇನೆ. ಅದೇಕೆಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬಿ ಎಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಐವತ್ತರ ದಶಕದ ಒಂದು ಜನವರಿ. ನಾವು ಚಾಮರಾಜಪೇಟೆಯಲ್ಲಿದ್ದೆವು. ನಾನು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಅಂದಮೇಲೆ ಎಷ್ಟು ಬಾಯಿ ಮಾಡುತ್ತಿದ್ದೆನೆಂದು ನೀವೇ ಊಹಿಸಿಕೊಳ್ಳಿ. ಅಜ್ಜಿಯ ಅಕ್ಕ, ನಮ್ಮ ದೊಡ್ಡಜ್ಜಿ, ಮದುವೆಯಾಗಿ ಬೊಂಬಾಯಿ ಸೇರಿ ನಲವತ್ತು ವರ್ಷವಾಗಿತ್ತು. ಅವಳು ಹಾಸಿಗೆ ಹಿಡಿದಿದ್ದಳು. ‘ಹಗಲೂ ರಾತ್ರಿ ತಂಗಿಯನ್ನೇ ಕೇಳುತ್ತಾಳೆ, ರೈಲಿಗೆ ಎರಡು ರಾತ್ರಿ ಬೇಕು, ತಡಮಾಡಬೇಡಿ’ ಎಂದು ಬರೆದು ಅವಳ ಮಗ ವಿಮಾನದ ಟಿಕೆಟನ್ನೇ ಕಳಿಸಿದ್ದ. ಅಪ್ಪ, ಅಜ್ಜಿ, ನಾನು, ಮೂವರಿಗೆ. ನಮ್ಮ ಬೀದಿಯಲ್ಲಿ ಅದುವರೆಗೆ ವಿಮಾನ ಹತ್ತಿದವರೇ ಇರಲಿಲ್ಲ.

ಹೊರಡುವುದು ಮಂಗಳವಾರ. ಅಜ್ಜಿಗೆ ಅದು ಒಗ್ಗಲಿಲ್ಲ.

“ವಿಮಾನಕ್ಕೆ ವಾರ ಉಂಟಾ ಅಜ್ಜಿ?” ಎಂದು ನಾನು ನಕ್ಕೆ.

“ವಿಮಾನಕ್ಕಿಲ್ಲ ಕಣೋ, ನನಗಿದೆ” ಎಂದಳು.

ಸೋಮವಾರ ಒಳ್ಳೆಯ ಗಳಿಗೆ ನೋಡಿ ಪ್ರಸ್ಥಾನ ಇಟ್ಟಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ದಿನ ಅಕ್ಕಿ, ಅರಿಸಿನ, ಅಡಿಕೆಯ ಗಂಟೊಂದನ್ನು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಗಂಟು ಹೊರಟಿತು ಅಂದರೆ ಮನುಷ್ಯ ಹೊರಟ ಹಾಗೆ. ಬೊಂಬಾಯಿ ಇರುವ ಉತ್ತರಕ್ಕೆ ನಮ್ಮ ಪಕ್ಕದ ಕಮಲಮ್ಮನ ಮನೆ. ಗಂಟಿನ ಜೊತೆಗೆ ಮಾರ್ಕೆಟ್ಟಿನಿಂದ ತಂದ ಒಂದು ಚೀಲ ಅವರೆಕಾಯಿಯನ್ನೂ ಅಲ್ಲಿಟ್ಟಳು. ಬೊಂಬಾಯಿಯ ಅವರೆಗೆ ಸೊಗಡೇ ಇಲ್ಲವೆಂದು ದೊಡ್ಡಜ್ಜಿ ಕಾಗದ ಕಾಗದದಲ್ಲೂ ಗೋಳಾಡುತ್ತಿದ್ದಳು.

ಮಂಗಳವಾರ ಬೆಳಗ್ಗೆ ಗಂಟು, ಚೀಲ, ಟ್ರಂಕು ಎತ್ತಿಕೊಂಡು ಏರೋಡ್ರೋಮಿಗೆ ಹೋದೆವು. ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಇಬ್ಬನಿ ಜಾಸ್ತಿ ಬಿದ್ದಷ್ಟೂ ಅವರೆಗೆ ಸೊಗಡು ಅನ್ನುತ್ತಾರೆ. ಆ ಇಬ್ಬನಿಯೇ ನಮ್ಮ ವಿಮಾನಕ್ಕೆ ಅಡ್ಡ ಬಂತು. ಮಂಜು ಕರಗಿತು, ಬಿಸಿಲು ಬಂತು, ವಿಮಾನ ಬರಲಿಲ್ಲ. ಮಧ್ಯಾಹ್ನ ಒಬ್ಬ ಗುಮಾಸ್ತ ಬಂದು, “ಇವತ್ತಿಲ್ಲ ಸಾರ್, ನಾಳೆ ಬನ್ನಿ” ಎಂದ.

ವಾಪಸು ಬಂದಾಗ ತನ್ನ ಜಗಲಿಯಲ್ಲಿ ನಿಂತಿದ್ದ ಕಮಲಮ್ಮ ನಮ್ಮನ್ನು ನೋಡಿ, “ಏನಜ್ಜಿ, ಬೊಂಬಾಯಿ ಹೇಗಿತ್ತು?” ಎಂದಳು.

“ನಗೇ ನಗು. ಹೊರಟೋಳು ನಾನು, ನಮ್ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ. ನಿಮ್ಮನೇಲೇ ಬಿದ್ಕೋತೀನಿ.”

ಬಿದ್ದುಕೊಂಡಳು. ಮೂರು ಹೆಜ್ಜೆ ದೂರದ ನಮ್ಮ ಮನೆಯಿಂದ ಅಮ್ಮ ತಂದ ನೀರನ್ನೂ ಮುಟ್ಟಲಿಲ್ಲ. ಬಿಟ್ಟು ಹೊರಟ ಮನೆಯಿಂದ ಏನೂ ತರಿಸಬಾರದಂತೆ.

ಬುಧವಾರ ವಿಮಾನವೇನೋ ಬಂತು. ಟ್ರಂಕು ತೂಕ ಮಾಡಿ ಒಳಗೆ ಸೇರಿಸಿದರು, ನಮ್ಮನ್ನೂ ಕೂರಿಸಿದರು. ಎಂಜಿನ್ ಕೆಮ್ಮಿತು, ನಿಂತಿತು. ಎರಡು ಗಂಟೆ ಕಾಯಿಸಿ ಇಳಿಸಿದರು. ನಾಳೆ ಖಂಡಿತ, ಟ್ರಂಕು ಇಲ್ಲೇ ಇರಲಿ ಅಂದರು. ವಾಪಸು ಬರುವಾಗ ಅಜ್ಜಿಯ ಕಣ್ಣು ತುಂಬಿತ್ತು. “ರೈಲು ಹತ್ತಿದ್ರೆ ಇಷ್ಟು ಹೊತ್ತಿಗೆ ಮುಕ್ಕಾಲು ದಾರಿ ಹೋಗಿರ್ತಿದ್ವಿ. ಅಕ್ಕ ಕಾಯ್ತಾಳೋ ಇಲ್ವೋ” ಎಂದಳು. ಅಪ್ಪ ದಾರಿಯಲ್ಲೇ ಇಳಿದು ಬೊಂಬಾಯಿಗೆ ತಂತಿ ಕೊಡಲು ಹೋದ.

ಕಮಲಮ್ಮನ ಮನೆಯಲ್ಲಿ ಅಜ್ಜಿ ಸ್ನಾನ ಮಾಡಿದಳು. ಉಡುವುದಕ್ಕೆ ಸೀರೆ ಎಲ್ಲಿ? ಟ್ರಂಕು ಅಲ್ಲಿ, ನಮ್ಮ ಮನೆಯ ಸೀರೆ ಕೂಡದು. ಕಮಲಮ್ಮ ಸಂಕ್ರಾಂತಿಗೆ ತೆಗೆದುಕೊಂಡಿದ್ದ ಹೊಸ ಗಿಣಿಹಸಿರು ಸೀರೆ ಕೊಟ್ಟಳು. ಜನ್ಮದಲ್ಲಿ ಕಂದು ಸೀರೆ ಬಿಟ್ಟು ಬೇರೆ ಉಡದ ಅಜ್ಜಿ ಅದನ್ನು ಉಟ್ಟು ಹೊರಗೆ ಬಂದಾಗ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. “ಮದುವೆ ಹೆಣ್ಣು ಬಂತು” ಎಂದು ನಾನೂ ಕಿಚಾಯಿಸಿದೆ. ಅಜ್ಜಿ ನಗಲಿಲ್ಲ. ಅವರೆ ಬಾಡುತ್ತೆ, ಕಾಳಾದರೂ ತೊಗೊಂಡು ಹೋಗೋಣ ಎಂದು ಮೊರ ಇಟ್ಟುಕೊಂಡು ಜಗಲಿಯಲ್ಲಿ ಸುಲಿಯುತ್ತ ಕೂತಳು.

ಮೂರರಿಂದ ಐದರವರೆಗೆ ಹಾಗೇ ಕೂತಿದ್ದಳು. ಕಮಲಮ್ಮ ಮಾಡಿದ ಕಾಫಿಗೆ ಎರಡು ಸಲ ಕರೆದೆ, ತಿರುಗಲಿಲ್ಲ. ನಿದ್ದೆಯಲ್ಲ, ಕಣ್ಣು ತೆರೆದಿತ್ತು, ಬೆರಳು ಆಡುತ್ತಲೇ ಇದ್ದವು. ದುಃಖದಲ್ಲಿದ್ದಾಳೆ ಎಂದು ಸುಮ್ಮನಾದೆ. ಸಂಜೆ ನನ್ನನ್ನು ಕರೆದು, “ಸ್ವಲ್ಪ ಕಾಲು ಒತ್ತೋ” ಎಂದಳು. ಒತ್ತಿದೆ.

ಗುರುವಾರ ತನ್ನ ಕಂದು ಸೀರೆ ಒಣಗಿತ್ತು, ಅದನ್ನೇ ಉಟ್ಟಳು. ವಿಮಾನ ಹಾರಿತು. ಮಧ್ಯಾಹ್ನದ ಹೊತ್ತಿಗೆ ಬೊಂಬಾಯಿಯ ಮನೆಯ ಮೆಟ್ಟಿಲು ಹತ್ತುತ್ತಿದ್ದೆವು. ಬಾಗಿಲಲ್ಲಿ ಅಜ್ಜಿ ಕೇಳಿದ್ದು ಒಂದೇ ಮಾತು, “ಇದ್ದಾಳಾ?”

ಇದ್ದಳು. ದಿಂಬಿಗೆ ಒರಗಿ ಕೂತಿದ್ದ ದೊಡ್ಡಜ್ಜಿ ತಂಗಿಯನ್ನು ನೋಡಿ ಅಳಲಿಲ್ಲ, ಕೈ ಚಾಚಲಿಲ್ಲ. “ಮತ್ಯಾಕೆ ಬಂದೆ ಪುಟ್ಟಿ? ಏನಾದ್ರೂ ಮರೆತು ಹೋದ್ಯಾ?” ಎಂದಳು.

ಜ್ವರದ ಮಾತು ಎಂದುಕೊಂಡೆವು. ಆದರೆ ಅವಳು ಬಿಡಲಿಲ್ಲ. “ನೆನ್ನೆ ಉಟ್ಟಿದ್ದ ಗಿಣಿಹಸಿರೇ ಚೆನ್ನಾಗಿತ್ತು. ಯಾರದ್ದೇ ಅದು? ನಿಂದಂತೂ ಅಲ್ಲ. ಅಷ್ಟು ಹೊತ್ತು ಆ ಮೂಲೇಲಿ ಕೂತು ಅವರೆಕಾಯಿ ಸುಲಿದೆ, ಒಂದು ಮಾತಾಡಿದ್ಯಾ? ಕಾಳೂ ಕೊಡದೆ ಎದ್ದು ಹೋದೆ, ಜಿಪುಣಿ.”

ಅಪ್ಪನ ಕೈಯಲ್ಲಿದ್ದ ಚೀಲ ನೆಲ ಮುಟ್ಟಿತು. ಅವಳ ಸೊಸೆ ಮೆಲ್ಲಗೆ ಹೇಳಿದಳು: ನೆನ್ನೆ ಮಧ್ಯಾಹ್ನವೆಲ್ಲ ಆ ಮೂಲೆಯನ್ನೇ ನೋಡುತ್ತ ನಗುತ್ತಿದ್ದರು, ಎಷ್ಟೋ ದಿನದ ಮೇಲೆ ಗಂಜಿ ಕೇಳಿ ಕುಡಿದರು.

ವಿಜ್ಞಾನದ ವಿದ್ಯಾರ್ಥಿಯಲ್ಲವೇ, ನಾನು ಎಲ್ಲ ಕೆದಕಿದೆ. ಅಪ್ಪ ಕೊಟ್ಟ ತಂತಿಯಲ್ಲಿ ಇದ್ದದ್ದು ‘ವಿಮಾನ ತಡ, ನಾಳೆ ಬರುತ್ತೇವೆ’ ಅಷ್ಟೇ. ಎರಡು ಮನೆಯಲ್ಲೂ ಟೆಲಿಫೋನ್ ಇರಲಿಲ್ಲ. ಜನವರಿಯೆಂದು ಅವರೆಯನ್ನು ಊಹಿಸಬಹುದು, ಒಪ್ಪುತ್ತೇನೆ. ಸೀರೆಯನ್ನು?

ದೊಡ್ಡಜ್ಜಿ ಅವರೆಕಾಳಿನ ಹುಳಿ ಉಂಡಳು, ಎಂಟು ದಿನ ತಂಗಿಯ ಜೊತೆ ಜಗಳವಾಡಿದಳು. ನಾವು ಊರಿಗೆ ಬಂದು ಒಂದು ತಿಂಗಳಿಗೆ ತೀರಿಕೊಂಡಳು.

ಆಮೇಲೆ ಒಂದು ದಿನ ಅಜ್ಜಿಯನ್ನು ಕೇಳಿಯೇಬಿಟ್ಟೆ, “ನಿಜ ಹೇಳು, ಅವತ್ತು ಹೋಗಿದ್ಯಾ?”

“ನಾನೆಲ್ಲಿ ಹೋಗಲಿ, ಜಗಲೀಲೇ ಕೂತಿದ್ದೆನಲ್ಲೋ, ನೀನೇ ನೋಡ್ಲಿಲ್ವಾ” ಎಂದಳು. ಮೇಲೇಳುತ್ತ, “ಕಾಲು ಮಾತ್ರ ಬಹಳ ನೋಯ್ತಿತ್ತು ಕಣಪ್ಪ” ಎಂದಳು.

ಅದು ನನಗೆ ಗೊತ್ತು. ಒತ್ತಿದವನು ನಾನೇ. ಮಧ್ಯಾಹ್ನವೆಲ್ಲ ಮಂಡಿ ಮಡಿಸಿ ಕೂತಿದ್ದವಳ ಮೀನಖಂಡ ಅವತ್ತು ಕಲ್ಲಿನ ಹಾಗೆ ಬಿಗಿದುಕೊಂಡಿತ್ತು, ಪಾದ ಬಹುದೂರ ನಡೆದು ಬಂದವರ ಪಾದದ ಹಾಗೆ ಬಿಸಿಯಾಗಿತ್ತು.