ಮಣ್ಣಿನ ನಕ್ಷೆಯ ಗೋಮಾಳ

"ನಮ್ಮ ತೋಟದೊಳಗೆ ಗೋಮಾಳ ತಂದು ಕೂರ್ಸಿದ್ದು ಯಾರು ಮೇಷ್ಟ್ರೇ?" ಮುಖ್ಯ ಅತಿಥಿಯಾಗಿ ಬಂದಿದ್ದ ಕಾಫಿ ಸಾಹುಕಾರರು ಶಾಲೆಯ ಅಂಗಳದಲ್ಲಿದ್ದ ನಕ್ಷೆಯತ್ತ ಕೈಕೋಲು ಚಾಚಿ ನನ್ನನ್ನು ಕೇಳಿದರು.

ಕಳಸದ ಹತ್ತಿರದ ನಮ್ಮೂರಿನ ನಕ್ಷೆಯನ್ನು ನನ್ನ ನಾಲ್ಕನೇ ತರಗತಿಯ ಮಕ್ಕಳು ಮಣ್ಣಿನಲ್ಲಿ ಮಾಡಿದ್ದರು. ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬಂದು, ಹಿಂದೆ ಊರ ದನ ಮೇಯುತ್ತಿದ್ದ ಜಾಗಕ್ಕೆಲ್ಲ ಗರಿಕೆ ನೆಟ್ಟಿದ್ದರು.

"ನಮ್ಮಜ್ಜಿ ಅಲ್ಲೇ ದನ ಮೇಯಿಸ್ತಿದ್ರಂತೆ ಸಾರ್" ಎಂದಳು ಸುಮಿತ್ರಾ. ಸಾಹುಕಾರರು ನಕ್ಕು, ತೋಟದ ಬೇಲಿಗೆಂದು ಚುಚ್ಚಿದ್ದ ಕಡ್ಡಿಗಳನ್ನು ಕೋಲಿನಿಂದ ಗೋಮಾಳದಾಚೆಯ ಹಳ್ಳದವರೆಗೂ ತಳ್ಳಿದರು. ಗರಿಕೆ ಕಿತ್ತು ಬಂತು. ಆಮೇಲೆ ಶಾಲೆಯವರು ಅವರ ಕೈಯಿಂದಲೇ ಮಕ್ಕಳಿಗೆ ಬಹುಮಾನ ಕೊಡಿಸಿದರು.

ಮಳೆಗೆ ನಕ್ಷೆ ಕರಗಿತು. ಮತ್ತೆ ಮಾಡಿ ಎಂದೆ. ನನ್ನ ಪಾಠ ಮಕ್ಕಳ ತಲೆಗೆ ಹತ್ತಿತ್ತೋ ಇಲ್ಲವೋ, ಕೋಲಿನ ಪಾಠ ಹತ್ತಿತ್ತು. ಬೇಲಿಯನ್ನು ಹಳ್ಳದ ದಡಕ್ಕೇ ಹಾಕಿದರು. ಗರಿಕೆಯನ್ನು ಯಾರೂ ತಂದಿರಲಿಲ್ಲ.