ತಲೆಹೊಟ್ಟಿಗೆ ಅವ್ವನ ಮೆಂತ್ಯ

ಮೊಮ್ಮಗಳು ಇವತ್ತು ತಲೆಹೊಟ್ಟಿಗೆಂದು ಮಿಕ್ಸಿಯಲ್ಲಿ ಮೆಂತ್ಯ, ಹುಳಿಮೊಸರು ರುಬ್ಬಿದಳು. ಆ ವಾಸನೆಗೆ ನಾನು ಹಳೇ ಕತ್ರಿಗುಪ್ಪೆಯ ನಮ್ಮ ಮನೆ ಹಿತ್ತಲಿಗೇ ಹೋಗಿಬಿಟ್ಟೆ.

"ಹೊಟ್ಟು ಹೋಗ್ಲಿಲ್ಲ ಅಂದ್ರೆ ಭಾನುವಾರ ತಲೆ ಬೋಳಿಸ್ತೀನಿ" ಎಂದು ಅಪ್ಪ ಆಗಿನ್ನೂ ಚಿಕ್ಕವಳಾದ ನನ್ನನ್ನು ಹೆದರಿಸಿದ್ದರು. ಅವ್ವ ಇದೇ ಮೆಂತ್ಯ ಮೆತ್ತಿ ಬಿಸಿಲಲ್ಲಿ ಕೂರಿಸಿ, "ಅಲ್ಲಾಡಿದ್ರೆ ಕಾಲು ಮುರೀತೀನಿ ಕಣೇ" ಅಂದು ಒಳಗೆ ಹೋದಳು. ಹಗ್ಗ ಬಿಚ್ಚಿಕೊಂಡ ಕರು ಬಂದು ನನ್ನ ತಲೆ ನೆಕ್ಕತೊಡಗಿತು. ಅದರ ನಾಲಿಗೆ ಒಳ್ಳೆ ಅರದ ಹಾಗೆ ಒರಟು. ಅವ್ವನಿಗೆ ಹೆದರಿ ಅಲ್ಲಾಡದೆ ಕೂತೆ. ಮೊಸರಿನ ಜೊತೆ ಹೊಟ್ಟೂ ಅದರ ಹೊಟ್ಟೆ ಸೇರಿತು.

ಅಪ್ಪ ತಲೆ ನೋಡಿ ಬೋಳಿಸುವ ಮಾತು ಬಿಟ್ಟರು. "ನನ್ ಮೆಂತ್ಯದ ಕೆಲ್ಸ ನೋಡಿದ್ರಾ" ಎಂದು ಅವ್ವ ಬೀಗಿದಳು. ಊರ ಹೆಂಗಸರೆಲ್ಲ ಹಚ್ಚಿಕೊಂಡರು, ಒಬ್ಬರಿಗೂ ಹೊಟ್ಟು ಹೋಗಲಿಲ್ಲ. ನಾನು ಬಾಯಿ ಬಿಡಲಿಲ್ಲ.

"ಅಜ್ಜಿ, ಇದು ನಿಜವಾಗ್ಲೂ ವರ್ಕ್ ಆಗುತ್ತಾ?" ಎಂದಳು ಮೊಮ್ಮಗಳು.

"ಆಗುತ್ತೆ ಹಚ್ಕೋ, ನಮ್ಮವ್ವನ ಔಷಧಿ" ಎಂದೆ. ಮೂರನೇ ಮಹಡಿಯ ನಮ್ಮ ಮನೆಗೆ ಕರು ಹತ್ತಿಸುವುದು ಹೇಗೆಂದು ಯೋಚಿಸುತ್ತಿದ್ದೇನೆ.